ಗಂಡ ಹೇಳಿದ ಕಥೆ, ಹೆಂಡತಿಯ ಓದು

ಗಂಡನೇ ಕಥೆ ಹೇಳುವ ಕಾದಂಬರಿಗಳನ್ನು ಗಂಡ ಹೆಂಡತಿ ಇಬ್ಬರೂ ಓದಿ, ಎದುರುಬದುರು ಕೂತು ಮಾತಾಡಬೇಕು. ಅಂಥ ಕಾದಂಬರಿಯಲ್ಲಿ ಮನೆಯ ಸುದ್ದಿಯೆಲ್ಲ ಒಬ್ಬನ ಬಾಯಿಂದಲೇ ಬರುತ್ತದೆ. ಅವನು ಹೇಳಿದ್ದೆಷ್ಟು, ಹೇಳದೆ ಜಾರಿಕೊಂಡದ್ದೆಷ್ಟು ಎಂದು ಅಳೆಯಲು ಒಬ್ಬರ ಕಣ್ಣು ಸಾಲದು. ಈಚೆಗೆ ನಮ್ಮ ಮನೆಯಲ್ಲಿ ನಾನೂ ನಮ್ಮ ಯಜಮಾನರೂ ಒಂದಾದ ಮೇಲೊಂದು ಓದಿದ ಮೂರು ಪುಸ್ತಕಗಳನ್ನು ಇಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ: ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013), ಅವರದೇ ‘ಸಕೀನಾಳ ಮುತ್ತು’ (2021) ಮತ್ತು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970).

‘ಘಾಚರ್ ಘೋಚರ್’ನ ನಿರೂಪಕನಿಗೆ ಹೆಸರಿಲ್ಲ. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುತ್ತಾನೆ. ಅಪ್ಪ ಟೀ ಕಂಪನಿಯ ಸೇಲ್ಸ್‌ಮನ್ ಆಗಿದ್ದ ಕಾಲದ ಇರುವೆ ತುಂಬಿದ ಪುಟ್ಟ ಮನೆ, ಆಮೇಲೆ ಚಿಕ್ಕಪ್ಪನ ಸೋನಾ ಮಸಾಲ ಕೈಹಿಡಿದು ಬಂದ ದುಡ್ಡು, ಮದುವೆಯಾಗಿ ಆ ಮನೆಗೆ ಕಾಲಿಟ್ಟ ಅನಿತಾ. ಪುಸ್ತಕ ಮುಗಿಸಿದ ಇವರು ಮೊದಲು ಆಡಿದ ಮಾತು, “ಪಾಪ ಕಣೇ, ಆ ಹುಡುಗ ಅಮ್ಮನ ಕಡೆ ನಿಲ್ಲಬೇಕಾ, ಹೆಂಡತಿ ಕಡೆ ನಿಲ್ಲಬೇಕಾ?” ನನಗೆ ಹಾಗೆ ಅನ್ನಿಸಿರಲಿಲ್ಲ. “ಅಲ್ಲಾರೀ, ಅವನು ಯಾರ ಕಡೆಯೂ ನಿಲ್ಲಲೇ ಇಲ್ಲವಲ್ಲ” ಎಂದೆ. ವಾದ ಹತ್ತಿತು. ಕೊನೆಗೆ ಇಬ್ಬರೂ ಸುಹಾಸಿನಿಯ ಪ್ರಸಂಗಕ್ಕೆ ವಾಪಸು ಹೋದೆವು.

ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು ಸುಹಾಸಿನಿ ಎಂಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಅವಳನ್ನು ಓಡಿಸುತ್ತಾರೆ. ಯಾರು ಏನಂದರು, ಎಷ್ಟು ಜೋರಾಗಿ ಅಂದರು ಎಂಬುದನ್ನೆಲ್ಲ ನಿರೂಪಕ ಚಾಚೂ ತಪ್ಪದೆ ಒಪ್ಪಿಸುತ್ತಾನೆ. ಅಷ್ಟು ಹೊತ್ತು ತಾನೇನು ಮಾಡುತ್ತಿದ್ದೆ ಎಂಬ ಜಾಗಕ್ಕೆ ಬಂದಾಗ ಮಾತ್ರ ಅವನ ಮಾತು ತೆಳ್ಳಗಾಗುತ್ತದೆ. ಮನೆಯವರು ಮಾಡಿದ್ದು ತಪ್ಪು ಎನ್ನುವವಳು ಹೊರಗಿನಿಂದ ಬಂದ ಅನಿತಾ. ಆ ಪುಟಗಳನ್ನು ಜೋರಾಗಿ ಓದಿದಾಗ ನಮ್ಮಿಬ್ಬರಿಗೂ ಒಂದೇ ವಿಷಯ ಕಂಡಿತು. ಈ ಮನುಷ್ಯ ಬೇರೆಯವರ ತಪ್ಪಿಗೆ ಒಳ್ಳೆಯ ಸಾಕ್ಷಿ. ತನ್ನ ವಿಷಯಕ್ಕೆ ಬಂದರೆ ಅವನ ಸಾಕ್ಷ್ಯವನ್ನು ನೆಚ್ಚುವಂತಿಲ್ಲ.

ಆದರೆ ಇವರು ಅಷ್ಟಕ್ಕೇ ಬಿಡಲಿಲ್ಲ. ಅಪ್ಪನ ಲೆಕ್ಕ ತಾಳೆಯಾಗದೆ ಹೋದಾಗ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೂಡಿ ಕಳೆಯುವ ಬಡತನದ ದಿನದ ಪ್ರಸಂಗವನ್ನು ತೆಗೆದು ನನ್ನ ಮುಂದೆ ಹಿಡಿದರು. “ಇದನ್ನು ಬಿಟ್ಟು ಅದನ್ನು ಓದಬೇಡ. ಅವತ್ತು ಹಾಗೆ ಕೂತವನು ಇವತ್ತು ಆ ಮನೆಗೆ ಎದುರಾಡ್ತಾನಾ?” ಎಂದರು. ಒಪ್ಪಬೇಕಾದ ಮಾತು. ಅವನ ಮೌನದಲ್ಲಿ ಹೇಡಿತನ ಎಷ್ಟಿದೆಯೋ ಋಣವೂ ಅಷ್ಟೇ ಇದೆ. ದುಡಿಯದೆ ಚಿಕ್ಕಪ್ಪನ ಕಂಪನಿಯಿಂದ ಸಂಬಳ ಪಡೆಯುವ ಅವನಿಗೆ ಆ ಋಣ ಅನುಕೂಲವೂ ಹೌದು. ಅನಿತಾ ಕೆಣಕುವುದು ಸರಿಯಾಗಿ ಆ ಜಾಗವನ್ನೇ. ಇಷ್ಟು ಚಿಕ್ಕ ಪುಸ್ತಕದಲ್ಲಿ ಅಂದಿನ ಒಗ್ಗಟ್ಟನ್ನೂ ಇಂದಿನ ಕ್ರೌರ್ಯವನ್ನೂ ಒಂದೇ ಬೇರಿನಿಂದ ಬೆಳೆಸಿರುವುದು ಶಾನಭಾಗರ ದೊಡ್ಡ ಸಾಧನೆ. ಕನಿಕರದ ಓದಿಗೂ ಸಿಟ್ಟಿನ ಓದಿಗೂ ಪುಸ್ತಕದೊಳಗೇ ಆಧಾರವಿದೆ. ಕೊನೆಯಲ್ಲಿ ತವರಿಗೆ ಹೋದ ಅನಿತಾಳ ಸುದ್ದಿಯಿಲ್ಲದೆ ಅವನು ಚಡಪಡಿಸುವಾಗ ಓದುವವರಿಗೂ ಹೊಟ್ಟೆಯಲ್ಲಿ ಸಂಕಟವಾಗುವುದು ಈ ಎರಡೂ ಓದುಗಳು ಒಟ್ಟಿಗೆ ಕೆಲಸ ಮಾಡುವುದರಿಂದ.

‘ಸಕೀನಾಳ ಮುತ್ತು’ ಓದುವಾಗ ನಮ್ಮ ಪಕ್ಷಗಳು ಅದಲು ಬದಲಾದವು. ಇಲ್ಲಿಯೂ ಕಥೆ ಹೇಳುವವನು ಗಂಡನೇ. ವೆಂಕಟ ಬೆಂಗಳೂರಿನ ನೌಕರಸ್ಥ, ಬದುಕಿನಲ್ಲಿ ಮುಂದೆ ಬರುವುದು ಹೇಗೆಂದು ಕಲಿಸುವ ಪುಸ್ತಕಗಳನ್ನು ನಂಬಿದವನು. ಹೆಂಡತಿ ವಿಜಿ, ಕಾಲೇಜು ಓದುವ ಮಗಳು ರೇಖಾ. ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಮನೆ ಬಾಗಿಲಿಗೆ ಬರುವುದರೊಂದಿಗೆ ಅವನ ನೆಮ್ಮದಿ ಕದಡುತ್ತದೆ. ಇವರಿಗೆ ವೆಂಕಟನ ಮೇಲೆ ಮೊದಲಿನಿಂದಲೂ ಗುಮಾನಿ. ಆಫೀಸಿನಲ್ಲಿ ಅಂಥವರನ್ನು ದಿನವೂ ನೋಡುವವರು. ಎಲ್ಲವನ್ನೂ ಬಲ್ಲೆನೆಂಬ ಅವನ ಧಾಟಿಯನ್ನು ಇವರು ನನಗಿಂತ ಬೇಗ ಗುರುತಿಸಿದರು. ನನಗೆ ಅವನೊಳಗಿನ ಅಪ್ಪ ಕಂಡ. ಕೈಮೀರಿ ಬೆಳೆದ ಮಗಳ ಲೋಕ ತನಗೆ ಅರ್ಥವಾಗುತ್ತಿಲ್ಲ ಎಂಬ ಅಂಜಿಕೆಯಿಂದಲೇ ಅವನ ಅಧಿಕಾರದ ಮಾತುಗಳೆಲ್ಲ ಹೊರಡುತ್ತವೆ. ಮನೆಯಲ್ಲಿ ತನಗೆ ತಿಳಿಯದ ಒಂದು ಒಪ್ಪಂದ ತಾಯಿ ಮಗಳ ನಡುವೆ ಇದೆ ಎಂದು ಅವನಿಗೆ ಅನ್ನಿಸುತ್ತಾ ಹೋಗುವ ಪುಟಗಳು ಕಾದಂಬರಿಯಲ್ಲಿ ತೀರ ಗಟ್ಟಿಯಾದವು.

ಆದರೂ ಇದನ್ನು ‘ಘಾಚರ್ ಘೋಚರ್’ನ ಸಮಕ್ಕೆ ಇಡಲಾರೆ. ಊರಿನ ಆಸ್ತಿ, ಕಾಣೆಯಾದ ಸೋದರಮಾವ ರಮಣನ ಹಳೆಯ ಕಥೆ, ಪತ್ರಿಕೆ, ರಾಜಕೀಯ, ಮಗಳ ತಲೆಮಾರಿನ ಸಿಟ್ಟು ಎಲ್ಲವೂ ವೆಂಕಟನೊಬ್ಬನ ಕಣ್ಣಿನಲ್ಲೇ ಹಾದು ಬರಬೇಕು. ಅಷ್ಟು ಭಾರವನ್ನು ಆ ಕಣ್ಣು ತಾಳುವುದಿಲ್ಲ. ಅನಿತಾಳ ಒಂದೊಂದು ಮಾತೂ ನಿರೂಪಕನ ರಕ್ಷಣೆಯನ್ನು ಭೇದಿಸಿ ನಮ್ಮನ್ನು ಮುಟ್ಟುತ್ತದೆ. ವಿಜಿಯ ಮಾತಿಗೆ ಆ ಅವಕಾಶ ಕಡಿಮೆ. ರಮಣನ ಭಾಗ ಇಲ್ಲದಿದ್ದರೆ ವೆಂಕಟ ಬರೀ ಪೇಟೆಯ ಗಂಡಸಾಗಿ ಉಳಿಯುತ್ತಿದ್ದ, ಅವನ ಭಯದ ಬೇರು ಅಲ್ಲಿದೆ ಎಂಬುದು ಇವರ ವಾದ. ಬೇರು ಅಲ್ಲಿರುವುದು ನಿಜ, ಆದರೆ ಅಲ್ಲಿಂದ ಇಲ್ಲಿಗೆ ಬರುವ ದಾರಿ ಬಲು ಸುತ್ತಾಯಿತು ಎಂಬುದು ನನ್ನ ವಾದ. ಇಂದಿಗೂ ಇದು ತೀರ್ಮಾನವಾಗಿಲ್ಲ.

ಮೂರನೆಯದಾದ ‘ಗೃಹಭಂಗ’ವನ್ನು ಮಾತ್ರ ಗಂಡ ಹೇಳುವುದಿಲ್ಲ. ಎಲ್ಲವನ್ನೂ ಬಲ್ಲ ನಿರೂಪಕನೊಬ್ಬ ಹೇಳುತ್ತಾನೆ. ಅವನು ಯಾರ ಪಕ್ಷ ಎಂಬುದರಲ್ಲಿ ಅನುಮಾನವೇ ಇಲ್ಲ. ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಅವಳು ಕಾಗದಕ್ಕೆ ಗೆರೆ ಹಾಕಿ, ಸರ್ಕಾರಿ ಲೆಕ್ಕದ ಮರ್ಮ ಕಲಿತು, ಕುಂಟುತ್ತಿದ್ದ ಶ್ಯಾನುಭೋಗಿಕೆಯನ್ನು ನಿಭಾಯಿಸುತ್ತಾಳೆ. ಜೊತೆಗೆ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ನೋಡುತ್ತಾಳೆ. ಇಷ್ಟು ಮಾಡಿದರೂ ಕೈಗೆ ಬಂದ ದುಡ್ಡಿನ ಮೇಲೆ ಗಂಡನ ಕಣ್ಣು. ಒಬ್ಬ ಹೆಂಗಸಿನ ದುಡಿಮೆಯನ್ನು ಇಷ್ಟು ವಿವರವಾಗಿ, ಅದರ ಕುಶಲತೆಗೆ ಇಷ್ಟು ಮರ್ಯಾದೆ ಕೊಟ್ಟು ಬರೆದ ಕಾದಂಬರಿ ಕನ್ನಡದಲ್ಲಿ ಅಪರೂಪ. ಪ್ಲೇಗಿನ ಅಧ್ಯಾಯಗಳನ್ನು ಓದುವಾಗ ನಾವಿಬ್ಬರೂ ಮಾತಾಡಲಿಲ್ಲ.

ಮಾತು ಬಂದದ್ದು ಚೆನ್ನಿಗರಾಯನ ಬಗ್ಗೆ. “ಮೊದಲನೇ ಪುಟದಿಂದ ಕೊನೇ ಪುಟದವರೆಗೂ ಒಬ್ಬ ಮನುಷ್ಯ ಹೀಗೇ ಇರ್ತಾನಾ? ಒಂದು ಸಲವಾದರೂ ಮನಸ್ಸು ಕರಗಬಾರದಾ?” ಎಂದು ಇವರ ಆಕ್ಷೇಪ. ಇರುತ್ತಾರೆ ಎಂದೆ. ತಿಪಟೂರು ಸೀಮೆಯ ನಮ್ಮ ನೆಂಟರಲ್ಲೇ ಅಂಥವರ ಕಥೆಗಳನ್ನು ಕೇಳಿ ಬೆಳೆದವಳು ನಾನು. ಆದರೆ ಇವರ ಪ್ರಶ್ನೆಗೆ ನಿಜವಾದ ಉತ್ತರ ಅದಲ್ಲ. ಬದುಕಿನಲ್ಲಿ ಇರುತ್ತಾರೆ ಎನ್ನುವುದರಿಂದ ಕಾದಂಬರಿಯ ಪಾತ್ರ ಪೂರ್ಣವಾಗುವುದಿಲ್ಲ. ಉತ್ತರ ಸಿಗುವುದು ಅವನ ತಾಯಿ ಗಂಗಮ್ಮನಲ್ಲಿ. ಬೈಗುಳವನ್ನೇ ಮಾತಾಗಿಸಿಕೊಂಡ ಆ ತಾಯಿ ಸಾಕಿದ ಮಕ್ಕಳು ಬೆಳೆಯಲೇ ಇಲ್ಲ. ಚೆನ್ನಿಗರಾಯನ ಹಸಿವು ಎಳೆ ಮಗುವಿನ ಹಸಿವು, ಇನ್ನೊಬ್ಬರ ಹೊಟ್ಟೆ ಅದಕ್ಕೆ ಕಾಣುವುದಿಲ್ಲ. ಹೀಗೆ ನೋಡಿದರೆ ಪಾತ್ರಕ್ಕೆ ಸಮರ್ಥನೆ ಇದೆ. ಆದರೆ ನಮ್ಮ ಯಜಮಾನರ ಆಕ್ಷೇಪದಲ್ಲೂ ಹುರುಳಿದೆ: ಭೈರಪ್ಪನವರು ಇಲ್ಲಿ ತೀರ್ಪನ್ನು ತಾವೇ ಕೊಟ್ಟುಬಿಡುತ್ತಾರೆ. ನಂಜಮ್ಮನಿಗಾಗಿ ಅಳಲು ಎಷ್ಟು ಬೇಕಾದರೂ ಜಾಗವಿದೆ, ಚೆನ್ನಿಗರಾಯನ ವಿಷಯದಲ್ಲಿ ಎರಡನೇ ಯೋಚನೆಗೆ ಜಾಗವಿಲ್ಲ.

ಇನ್ನು ಈ ಜೋಡಿ ಓದಿನ ಗುಣದೋಷ. ದೋಷ ಮೊದಲು ಹೇಳುತ್ತೇನೆ. ಗಂಡ ಹೆಂಡತಿ ಕಾದಂಬರಿ ಮಾತಾಡಲು ಕೂತರೆ ಪಾತ್ರಗಳು ಬಲು ಬೇಗ ನೆಂಟರಾಗಿಬಿಡುತ್ತವೆ. ಬರವಣಿಗೆಯ ಕ್ರಮ, ಕಥೆ ಕಟ್ಟಿದ ಬಗೆ ಹಿಂದೆ ಸರಿದು ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ಪಂಚಾಯಿತಿ ಶುರುವಾಗುತ್ತದೆ. ಇನ್ನೊಂದು ಅಪಾಯ ಅದಕ್ಕಿಂತ ದೊಡ್ಡದು. “ನೀವೂ ಹಾಗೇ ಅಲ್ವಾ?” ಎಂಬ ಮಾತು ಬಂದ ಕ್ಷಣ ಪುಸ್ತಕ ಮುಚ್ಚಿದಂತೆಯೇ. ಆಮೇಲೆ ಅನಿತಾಳೂ ಇಲ್ಲ, ನಂಜಮ್ಮನೂ ಇಲ್ಲ, ಮನೆಯ ಹಳೆಯ ಬಾಕಿಗಳ ವಸೂಲಿ ಮಾತ್ರ. ಕಾದಂಬರಿಯನ್ನು ಅಂಥ ಕೆಲಸಕ್ಕೆ ಬಳಸುವುದು ಅದಕ್ಕೆ ಮಾಡುವ ಅನ್ಯಾಯ.

ಇದರಿಂದ ಪಾರಾಗಲು ನಮಗೆ ಒದಗಿದ ಪ್ರಶ್ನೆ ಒಂದೇ: “ಆ ಮಾತು ಪುಸ್ತಕದಲ್ಲಿ ಎಲ್ಲಿದೆ, ತೋರಿಸು.” ಹೀಗೆ ಕೇಳುವವರು ಪಕ್ಕದಲ್ಲಿದ್ದರೆ ಹಾರಿಕೆಯ ಅಭಿಪ್ರಾಯ ನಿಲ್ಲುವುದಿಲ್ಲ. ಸುಹಾಸಿನಿಯ ಪ್ರಸಂಗಕ್ಕೂ ಅಪ್ಪನ ಲೆಕ್ಕದ ಪ್ರಸಂಗಕ್ಕೂ ಇರುವ ನಂಟು ನಮಗೆ ಸಿಕ್ಕಿದ್ದು ಹಾಗೆಯೇ. ಒಬ್ಬಳೇ ಓದಿದ್ದರೆ ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಡುತ್ತಿದ್ದೆ. ಇವರು ಒಬ್ಬರೇ ಓದಿದ್ದರೆ ಎರಡನೆಯದರಲ್ಲೇ ನಿಂತುಬಿಡುತ್ತಿದ್ದರು.

ಹಾಗಾಗಿ ಮನೆಯಲ್ಲಿ ಜೊತೆಯಾಗಿ ಓದಲು ಮನಸ್ಸಿರುವವರು ‘ಘಾಚರ್ ಘೋಚರ್’ನಿಂದ ಶುರುಮಾಡಲಿ. ಅದು ಜಗಳಕ್ಕೂ ಸಮಾಧಾನಕ್ಕೂ ಸಮನಾಗಿ ಅವಕಾಶ ಕೊಡುವ ಪುಸ್ತಕ. ‘ಗೃಹಭಂಗ’ ಅದಕ್ಕಿಂತ ವಿಸ್ತಾರವಾದ, ಎದೆಗೆ ತಾಗುವ ಕೃತಿ. ಆದರೆ ಅಲ್ಲಿ ನಮ್ಮ ಮಾತಿಗಿಂತ ನಂಜಮ್ಮನ ಬದುಕೇ ದೊಡ್ಡದು, ಅದರ ಮುಂದೆ ಸುಮ್ಮನಿರಬೇಕಾದ ಹೊತ್ತು ಹೆಚ್ಚು. ‘ಸಕೀನಾಳ ಮುತ್ತು’ ಮಕ್ಕಳು ಬೆಳೆದ ಮನೆಗಳಲ್ಲಿ ಓದಬೇಕಾದದ್ದು, ಸಾಧ್ಯವಾದರೆ ಮಗಳ ಕೈಗೂ ಕೊಟ್ಟು. ವೆಂಕಟ ಹೇಳದೆ ಬಿಟ್ಟದ್ದೇನು ಎಂದು ಅವಳು ನಮಗಿಂತ ಚೆನ್ನಾಗಿ ತೋರಿಸಿಯಾಳು.