ಎಲೆಯಲ್ಲಿ ಉಳಿದದ್ದನ್ನು ನೋಡಿ

ನಮ್ಮ ಸಂಘದ ಯುಗಾದಿ ಊಟದ ದಿನ "ಅಡಿಗೆ ಹೇಗಿತ್ತು?" ಎಂದು ಯಾರನ್ನು ಕೇಳಿದರೂ "ಬಹಳ ಚೆನ್ನಾಗಿತ್ತು" ಎಂಬುದೇ ಉತ್ತರ. ಬಡಿಸಿದವರಿಗೆ ಮಾತ್ರ ನಿಜ ಗೊತ್ತು. ಎಲೆಯಲ್ಲಿ ಏನು ಉಳಿಯಿತೆಂದು ಅವರು ನೋಡಿರುತ್ತಾರೆ. ತಂತ್ರಾಂಶ ಸುಧಾರಿಸುವವರೂ ಹೀಗೆಯೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಬಹುಪಾಲು ಜನ ಬಳಸುವ ಮೈಕ್ರೋಸಾಫ್ಟ್ ವರ್ಡ್ ಅನ್ನೇ ತೆಗೆದುಕೊಳ್ಳಿ. ಮೊದಲ ಆವೃತ್ತಿಯಲ್ಲಿ ಸುಮಾರು 100 ಆಜ್ಞೆಗಳಿದ್ದರೆ 2003ರ ಆವೃತ್ತಿಯಲ್ಲಿ 1500ಕ್ಕೂ ಹೆಚ್ಚು. ಈ ಗೊಂದಲ ಕಳೆಯಲು ಆಫೀಸ್ 2000ದಲ್ಲಿ, ಬಳಸದ ಆಜ್ಞೆಗಳನ್ನು ಮೆನುವಿನೊಳಗೆ ಮುಚ್ಚಿಡುವ ಉಪಾಯ ಮಾಡಿದರು. ಅದು ಅಡಿಗೆಮನೆಯ ಡಬ್ಬಗಳನ್ನು ಯಾರೋ ದಿನವೂ ಜಾಗ ಬದಲಿಸಿಟ್ಟಂತಾಯಿತು.

ಮುಂದೆ ಆಫೀಸ್ 2003ರಲ್ಲಿ, ಒಪ್ಪಿದ ಬಳಕೆದಾರರಿಂದ ಹೆಸರಿಲ್ಲದ ಎಣಿಕೆ ತರಿಸಿಕೊಂಡರು. ವರ್ಡ್‌ನ ಒಟ್ಟು ಬಳಕೆಯಲ್ಲಿ ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್ ಈ ಐದೇ ಸುಮಾರು ಶೇ. 32, ಪೇಸ್ಟ್ ಒಂದೇ ಶೇ. 11ಕ್ಕಿಂತ ಹೆಚ್ಚು! ಆಫೀಸ್ 2007ರ 'ರಿಬ್ಬನ್' ಪಟ್ಟಿಯ ಎಡತುದಿಯಲ್ಲಿ ಪೇಸ್ಟ್ ಗುಂಡಿ ದೊಡ್ಡದಾಗಿ ಕುಳಿತದ್ದು ಸುಮ್ಮನೆ ಅಲ್ಲ. ಊಹೆಯನ್ನು ಬಿಟ್ಟು ಲೆಕ್ಕ ಹಿಡಿದದ್ದು ಮೆಚ್ಚತಕ್ಕ ಮಾತೇ.

ಆದರೂ ಒಂದು ತಕರಾರು. ಹಳೆಯ ಮೆನುಗಳಿಗೆ ಕೈ ಪಳಗಿದ್ದವರಿಗೆ 2007ರಲ್ಲಿ ಹಿಂದಿರುಗುವ ದಾರಿಯನ್ನೇ ಇಡಲಿಲ್ಲ. ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದರೆಂದು ಎಣಿಕೆ ಹೇಳುತ್ತದೆ. ಏಕೆ ಒತ್ತಿದರೆಂದು ಹೇಳುವುದಿಲ್ಲ. ಎಲೆಯಲ್ಲಿ ಉಪ್ಪಿನಕಾಯಿ ಉಳಿದರೆ ಅದು ಕೆಟ್ಟಿತ್ತೋ, ಉಂಡವರಿಗೆ ರಕ್ತದೊತ್ತಡವೋ, ಕೇಳದೆ ತಿಳಿಯುವುದು ಹೇಗೆ?

ಕನ್ನಡದ ಮಟ್ಟಿಗೆ ಇದು ಇನ್ನೂ ಮುಖ್ಯ. ಈ ಪತ್ರಿಕೆಗೆ ತಪ್ಪದೆ ಬರೆಯುತ್ತಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಬರೆಯುವುದನ್ನು ನಿಲ್ಲಿಸಿದರು. ಕೇಳಿದರೆ "ಪುರುಸೊತ್ತು ಸಿಗಲಿಲ್ಲಪ್ಪಾ" ಎಂದರು. ಒಂದು ಭಾನುವಾರ ಅವರ ಪಕ್ಕದಲ್ಲಿ ಕುಳಿತಾಗ ಕಾರಣ ಕಂಡಿತು. ಮಗ ಹಾಕಿಕೊಟ್ಟ ಕನ್ನಡ ತಂತ್ರಾಂಶದಲ್ಲಿ 'ಮಳೆ' ಎಂದು ಬರೆಯಹೊರಟರೆ 'ಮಲೆ' ಬರುತ್ತಿತ್ತು. ಅಳಿಸುವರು, ಮತ್ತೆ ಒತ್ತುವರು, ಮತ್ತೆ 'ಮಲೆ'. 'ಳ'ಕಾರಕ್ಕೆ ಶಿಫ್ಟ್ ಕೀಲಿಯನ್ನೂ ಒತ್ತಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಪರದೆಯ ಮೇಲೂ ಸೂಚನೆಯಿರಲಿಲ್ಲ. ನಾಚಿಕೆಯಿಂದ ಅವರೂ ಕೇಳಿರಲಿಲ್ಲ. ಎಣಿಕೆಯಲ್ಲಿ ಇದು ಬರೀ ಹತ್ತಾರು ಸಲದ ಅಳಿಸುವಿಕೆ. ಬೇಸತ್ತು ಬಿಟ್ಟ ಮೇಲಂತೂ ಅವರು ಯಾವ ಎಣಿಕೆಯಲ್ಲೂ ಇಲ್ಲ. ನಮಗೆ ನಷ್ಟವಾದದ್ದು ಒಂದು ಲೇಖನಮಾಲೆ.

ನಮ್ಮ ಸಂಘದಲ್ಲಿ ಗಣಕ ಬಲ್ಲ ಯುವಕ ಯುವತಿಯರಿಗೆ ಕೊರತೆಯಿಲ್ಲ. ಮುಂದಿನ ಸಭೆಯ ದಿನ ಅವರಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಪಕ್ಕ ಅರ್ಧ ಗಂಟೆ ಕುಳಿತುಕೊಳ್ಳಲಿ. ಮೊದಲು ಮೌಸ್ ಮುಟ್ಟುವುದು ಬೇಡ, ತಿದ್ದುವುದೂ ಬೇಡ. ಅವರು ಎಲ್ಲಿ ತಡೆದರು, ಏನು ಹುಡುಕಿದರು ಎಂಬುದನ್ನು ಗುರುತು ಹಾಕಿಕೊಳ್ಳಲಿ. ಆಮೇಲೆ ಬೇಕಾದ್ದನ್ನು ಹೇಳಿಕೊಡಲಿ. ಆ ಟಿಪ್ಪಣಿಗಳನ್ನು ಒಟ್ಟುಮಾಡಿ ಕನ್ನಡ ತಂತ್ರಾಂಶ ಮಾಡುವವರಿಗೆ ಕಳುಹಿಸೋಣ. ಏನಂತೀರಿ?