ಕೊಳವೆಗಳಿಗೆ ಗೋಪುರ ಕಟ್ಟಿದ ಪ್ರಯೋಗಾಲಯ

ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ಒಮ್ಮೆ ಗಮನಿಸಿ ನೋಡಿ. ನೀರಿನ ನಲ್ಲಿ, ಅನಿಲದ ಕೊಳವೆ, ವಿದ್ಯುತ್ ತಂತಿ, ಕೆಟ್ಟ ಗಾಳಿಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನ್ – ಇವೆಲ್ಲ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ? ಸಾಮಾನ್ಯವಾಗಿ ಮೊದಲು ಕೊಠಡಿಗಳನ್ನು ಕಟ್ಟಿ, ಆಮೇಲೆ ಗೋಡೆ ಕೊರೆದು ಇವುಗಳಿಗೆ ದಾರಿ ಮಾಡಿರುತ್ತಾರೆ. ಹೀಗೆ ‘ಆಮೇಲೆ ನೋಡಿಕೊಂಡರಾಯಿತು’ ಎಂದು ಬಿಟ್ಟದ್ದನ್ನೇ ವಿನ್ಯಾಸದ ಮೊದಲ ಪ್ರಶ್ನೆಯಾಗಿ ಎತ್ತಿಕೊಂಡವರು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ (1901–1974). ಅಹಮದಾಬಾದಿನ ಐಐಎಂನ ಇಟ್ಟಿಗೆಯ ಕಟ್ಟಡಗಳನ್ನೂ ಢಾಕಾದ ಸಂಸತ್ ಭವನವನ್ನೂ ರೂಪಿಸಿದವರು ಇವರೇ. ಆದರೆ ಅವರಿಗೆ ಮೊದಲು ದೊಡ್ಡ ಹೆಸರು ತಂದದ್ದು ಒಂದು ಪ್ರಯೋಗಾಲಯ. ವಿಜ್ಞಾನ ಕಲಿಸುವವರೂ ಕಲಿಯುವವರೂ ಅದನ್ನು ಪರಿಶೀಲಿಸುವುದಕ್ಕೆ ಕಾರಣವಿದೆ.

ಕಟ್ಟಡವೊಂದರ ಎಲ್ಲ ಭಾಗಗಳನ್ನೂ ಹಿಡಿದು ಕೂಡಿಸುವ ಮೂಲ ಕಲ್ಪನೆಗೆ ವಾಸ್ತುಶಿಲ್ಪಿಗಳು ‘ಪಾರ್ತಿ’ ಎನ್ನುತ್ತಾರೆ. ಇದು ಫ್ರೆಂಚ್ ಪದ. ಒಳ್ಳೆಯ ಪಾರ್ತಿಯನ್ನು ತುಂಡು ಕಾಗದದ ಮೇಲೆ ನಾಲ್ಕೈದು ಗೆರೆಗಳಲ್ಲಿ ಬರೆದು ತೋರಿಸಬಹುದು. ಕಿಟಕಿ ಎಲ್ಲಿರಬೇಕು, ಮೆಟ್ಟಿಲು ಎಲ್ಲಿರಬೇಕು ಎಂಬ ನೂರಾರು ಸಣ್ಣ ನಿರ್ಧಾರಗಳು ಅದರಿಂದಲೇ ಹುಟ್ಟುತ್ತವೆ. ವಿಜ್ಞಾನದಲ್ಲಿ ಪ್ರಾಕ್ಕಲ್ಪನೆ ಮಾಡುವ ಕೆಲಸವನ್ನೇ ಇಲ್ಲಿ ಪಾರ್ತಿ ಮಾಡುತ್ತದೆ ಎನ್ನಬಹುದು. ಒಂದು ವ್ಯತ್ಯಾಸವಿದೆ: ಪ್ರಾಕ್ಕಲ್ಪನೆಯನ್ನು ಒಪ್ಪುವ ಮೊದಲು ಪರೀಕ್ಷಿಸುತ್ತಾರೆ, ಕಟ್ಟಡವನ್ನು ಮೊದಲು ಕಟ್ಟುತ್ತಾರೆ, ಹೊಗಳುತ್ತಾರೆ, ಪರೀಕ್ಷೆ ಆಮೇಲೆ ನಡೆಯುತ್ತದೆ.

ಕಾನ್ ಅವರ ಕಲ್ಪನೆ ಇಷ್ಟು: ಕಟ್ಟಡದಲ್ಲಿ ಎರಡು ಬಗೆಯ ಜಾಗಗಳಿವೆ. ಜನ ಕೆಲಸ ಮಾಡುವ ಕೊಠಡಿ ಸೇವೆ ಪಡೆಯುವ ಜಾಗ. ಮೆಟ್ಟಿಲು, ಲಿಫ್ಟು, ಕೊಳವೆ, ಗಾಳಿಯ ನಾಳ ಇವು ಸೇವೆ ಮಾಡುವ ಜಾಗ. ಎರಡನ್ನೂ ಬೆರೆಸಬಾರದು, ಸೇವೆ ಮಾಡುವ ಜಾಗಕ್ಕೂ ತನ್ನದೇ ಆದ ಆಕಾರ ಇರಬೇಕು. ನ್ಯೂಜೆರ್ಸಿಯ ಟ್ರೆಂಟನ್ ಬಳಿ 1955ರಲ್ಲಿ ಅವರು ಕಟ್ಟಿದ ಪುಟ್ಟ ಸ್ನಾನಗೃಹದಲ್ಲಿ ಇದು ಮೊದಲು ಕಾಣಿಸಿತು. ಅಲ್ಲಿ ಪಿರಮಿಡ್ಡಿನಂಥ ಚಾವಣಿಗಳನ್ನು ಹೊತ್ತ ಮೂಲೆಯ ಕಂಬಗಳು ಟೊಳ್ಳು. ಆ ಟೊಳ್ಳಿನಲ್ಲೇ ಶೌಚಾಲಯ, ಪ್ರವೇಶದ್ವಾರ ಮುಂತಾದವು ಅಡಗಿವೆ.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ಸ್ ವೈದ್ಯಕೀಯ ಸಂಶೋಧನಾಲಯದಲ್ಲಿ ಅದೇ ಕಲ್ಪನೆ ದೊಡ್ಡ ಪ್ರಮಾಣದಲ್ಲಿ ಬಂತು. 1957ರಲ್ಲಿ ವಿನ್ಯಾಸ ಆರಂಭವಾಗಿ 1960ರ ಹೊತ್ತಿಗೆ ಕಟ್ಟಡ ಸಿದ್ಧವಾಯಿತು. ನಡುವೆ ಒಂದು ಸೇವಾ ಗೋಪುರ. ಲಿಫ್ಟು, ಯಂತ್ರಗಳು, ಪ್ರಯೋಗದ ಪ್ರಾಣಿಗಳ ಕೊಠಡಿಗಳೆಲ್ಲ ಅದರಲ್ಲಿ. ಅದಕ್ಕೆ ಅಂಟಿಕೊಂಡಂತೆ ಮೂರು ಪ್ರಯೋಗಾಲಯ ಗೋಪುರಗಳು. ಒಂದೊಂದರ ನೆಲವೂ 45 ಅಡಿ, ಅಂದರೆ ಸುಮಾರು 14 ಮೀಟರ್ ಬಾಹುವಿನ ಚೌಕ. ಪ್ರತಿ ಚೌಕದ ಹೊರ ಅಂಚಿನಲ್ಲಿ ಕಿಟಕಿಯಿಲ್ಲದ ಇಟ್ಟಿಗೆಯ ನೀಳ ಗೂಡುಗಳು ಚಾವಣಿಯನ್ನೂ ಮೀರಿ ನಿಂತಿವೆ. ಕೆಲವು ಮೆಟ್ಟಿಲಿಗೆ, ಕೆಲವು ಕಲುಷಿತ ಗಾಳಿಯ ನಿರ್ಗಮನಕ್ಕೆ. ಶುದ್ಧ ಗಾಳಿಯನ್ನು ನಡುಗೋಪುರದ ಬುಡದ ಬಳಿ ಒಳಗೆಳೆದುಕೊಂಡು, ಕೆಟ್ಟ ಗಾಳಿಯನ್ನು ಗೂಡುಗಳ ತುದಿಯಲ್ಲಿ ಬಿಡುವ ಏರ್ಪಾಡು. ಉಚ್ಛ್ವಾಸ ನಿಶ್ವಾಸಗಳು ಬೆರೆಯದಂತೆ ಮಾಡಿದ ಈ ಉಪಾಯ ಮೆಚ್ಚತಕ್ಕದ್ದೇ.

ರಚನೆಯ ದೃಷ್ಟಿಯಿಂದಲೂ ಇದು ಪಾಠ ಹೇಳುವ ಕಟ್ಟಡ. ಎಂಜಿನಿಯರ್ ಆಗಸ್ಟ್ ಕೊಮೆಂಡಾಂಟ್ ಪ್ರತಿ ಗೋಪುರಕ್ಕೆ ಎಂಟು ಕಂಬ ಕೊಟ್ಟರು, ಆದರೆ ಮೂಲೆಯಲ್ಲಿ ಒಂದನ್ನೂ ನಿಲ್ಲಿಸಲಿಲ್ಲ. ಪ್ರತಿ ಬದಿಯನ್ನು ಮೂರು ಪಾಲು ಮಾಡಿದರೆ ಬರುವ ಎರಡು ಬಿಂದುಗಳಲ್ಲಿ ಕಂಬಗಳಿವೆ. ಮೂಲೆಗಳು ಕ್ಯಾಂಟಿಲಿವರ್ ಆಗಿ ಗಾಳಿಯಲ್ಲಿ ಚಾಚಿವೆ. ಕ್ಯಾಂಟಿಲಿವರ್ ತೊಲೆಯಲ್ಲಿ ಬಾಗಿಸುವ ಪರಿಣಾಮ ಆಧಾರದ ಬಳಿ ಹೆಚ್ಚು, ತುದಿಯಲ್ಲಿ ಸೊನ್ನೆ ಎಂದು ನೀವು ಓದಿದ್ದೀರಿ. ಇಲ್ಲಿ ತೊಲೆಯೂ ಮೂಲೆಯತ್ತ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ತೆಳುವಾಗುತ್ತದೆ. ಪುಸ್ತಕದ ನಕ್ಷೆಯನ್ನು ಗೋಡೆಯ ಮೇಲೆ ಬರೆದಿಟ್ಟಂತಿದೆ! ನೆಲವನ್ನು ಹೊತ್ತಿರುವುದು ವೀರೆಂಡೀಲ್ ಟ್ರಸ್‌ಗಳು. ಸಾಮಾನ್ಯ ಟ್ರಸ್‌ನಲ್ಲಿ ತ್ರಿಕೋನಗಳಿರುತ್ತವೆ. ಇದರಲ್ಲಿ ಓರೆ ಸಲಾಕೆಗಳಿಲ್ಲದೆ ಆಯತಾಕಾರದ ತೆರಪುಗಳೇ ಇವೆ. ಅದಕ್ಕಾಗಿ ಕೀಲುಗಳನ್ನು ಬಹಳ ಗಟ್ಟಿ ಮಾಡಬೇಕು. ಲಾಭವೆಂದರೆ ಆ ತೆರಪುಗಳಲ್ಲಿ ಕೊಳವೆಗಳು ಸರಾಗವಾಗಿ ಹಾಯುತ್ತವೆ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1961ರಲ್ಲಿ ಈ ಒಂದೇ ಕಟ್ಟಡದ ಮೇಲೆ ಪ್ರದರ್ಶನ ಏರ್ಪಡಿಸಿತು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ತಂಡತಂಡವಾಗಿ ಬಂದರು. ಒಳಗೆ ಕೆಲಸ ಮಾಡುತ್ತಿದ್ದವರು ಮಾತ್ರ ಕಿಟಕಿಗಳಿಗೆ ಅಲ್ಯೂಮಿನಿಯಂ ಹಾಳೆ, ಕಾಗದ ಅಂಟಿಸುತ್ತಿದ್ದರು.

ಮೂಲೆಗಳಲ್ಲಿ ಕಂಬವಿಲ್ಲದಿದ್ದರಿಂದ ಅಲ್ಲೆಲ್ಲ ಗಾಜು ಬಂದಿತ್ತು. ಬಿಸಿಲು ತಡೆಯುವ ಸಾಧನ ಸಾಕಷ್ಟಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವನಿಗೆ, ಮಾಪಕದ ಮುಳ್ಳು ನೋಡುವವನಿಗೆ ಬೆಳಕಿನ ಪ್ರಖರತೆ ಎಷ್ಟು ಉಪದ್ರವವೆಂದು ನಾನು ಹೇಳಬೇಕಾಗಿಲ್ಲ. ಪ್ರತಿ ಅಂತಸ್ತೂ ಅಡ್ಡಗೋಡೆಯಿಲ್ಲದ ತೆರೆದ ಚೌಕವಾಗಿತ್ತು. ಸಂಶೋಧಕರು ಏಕಾಂತಕ್ಕೆ, ಸಲಕರಣೆ ಇಡುವುದಕ್ಕೆ ಅಡ್ಡಗೋಡೆ ಎಬ್ಬಿಸಿದರು. ಆಗ 14 ಮೀಟರಿನ ಚೌಕ ಇಕ್ಕಟ್ಟಾಯಿತು. ಬೆತ್ತಲೆಯಾಗಿ ಹಾಯುವ ಕೊಳವೆಗಳ ಮೇಲೆ ಧೂಳು ಕೂತಿತು. ಹಲವೆಡೆ ಕೆಳಗೊಂದು ಸುಳ್ಳು ಚಾವಣಿ ಕಟ್ಟಿ, ಕಾನ್ ಅಷ್ಟು ಅಕ್ಕರೆಯಿಂದ ತೋರಿಸಿದ್ದನ್ನೆಲ್ಲ ಮುಚ್ಚಿಬಿಟ್ಟರು.

ಇದನ್ನು ಖರ್ಚು ಕಡಿತದ ಫಲವೆಂದು ತಳ್ಳಿಹಾಕುವುದು ಸುಲಭ. ನನ್ನ ದೃಷ್ಟಿಯಲ್ಲಿ ದೋಷ ಕಲ್ಪನೆಯಲ್ಲೇ ಇದೆ. ಸೇವೆ ಮಾಡುವ ಜಾಗದ ಬಗ್ಗೆ ಕಾನ್ ಆಳವಾಗಿ ಯೋಚಿಸಿದರು. ಸೇವೆ ಪಡೆಯುವವರು ಯಾರು ಎಂಬ ಪ್ರಶ್ನೆಗೆ ಅವರಲ್ಲಿದ್ದುದು ಒಂದು ಭಾವಚಿತ್ರ ಮಾತ್ರ. ವಿಜ್ಞಾನಿಯೂ ಚಿತ್ರಕಾರನಂತೆ ಬೆಳಕು ತುಂಬಿದ ಸ್ಟುಡಿಯೋದಲ್ಲಿ, ಸಂಗಾತಿಗಳು ಕಾಣುವಂತೆ ಕೆಲಸ ಮಾಡುತ್ತಾನೆ ಎಂಬ ಭಾವಚಿತ್ರ. ಕತ್ತಲು ಬೇಕಾದ ಪ್ರಯೋಗ, ಶೀತಲಪೆಟ್ಟಿಗೆ, ಗುಂಯ್‌ಗುಡುವ ಸೆಂಟ್ರಿಫ್ಯೂಜ್, ವರ್ಷಕ್ಕೊಮ್ಮೆ ಬದಲಾಗುವ ಉಪಕರಣ – ಇವು ಆ ಚಿತ್ರದೊಳಗೆ ಇರಲಿಲ್ಲ. ಇನ್ನೊಂದು ಮಾತು: ಹೊರಗೆ ನಿಂತು ನೋಡಿದರೆ ಮೆಟ್ಟಿಲಿನ ಗೂಡು ಯಾವುದು, ಗಾಳಿಯ ಗೂಡು ಯಾವುದು ಎಂದು ತಟ್ಟನೆ ತಿಳಿಯದು. ಭಾರ ಹೊರುವ ಕಂಬಗಳಿಗಿಂತ ಭಾರ ಹೊರದ ಈ ಗೂಡುಗಳೇ ಗಂಭೀರವಾಗಿ ಕಾಣುತ್ತವೆ. ಸೇವಕರಿಗೆ ಗೌರವ ಕೊಡಹೊರಟು ಅವರಿಗೇ ಸಿಂಹಾಸನ ಹಾಕಿದಂತಾಯಿತು.

ಆದರೂ ಕಲ್ಪನೆಯನ್ನು ಎಸೆದುಬಿಡಬೇಕಾಗಿರಲಿಲ್ಲ. ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ 1959ರಲ್ಲಿ ಕಾನ್ ಅವರನ್ನು ಕಂಡು, ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿಕೊಡಲು ಕೇಳಿದರು. ಮೊದಲ ನಕ್ಷೆಗಳಲ್ಲಿ ಅಲ್ಲಿಯೂ ಗೋಪುರಗಳೇ ಇದ್ದವು. ಪ್ರಯೋಗಾಲಯದ ಒಳಗುಟ್ಟು ತಿಳಿದ ಸಾಲ್ಕ್ ಸುಮ್ಮನೆ ತಲೆಯಾಡಿಸುವವರಲ್ಲ. 1962ರಲ್ಲಿ, ಬಹಳ ಮುಂದುವರಿದಿದ್ದ ಒಂದು ವಿನ್ಯಾಸವನ್ನೇ ಹಿಂದಕ್ಕೆ ಕಳಿಸಿ ಮತ್ತೆ ಯೋಚಿಸುವಂತೆ ಮಾಡಿದರು. ಒಳ್ಳೆಯ ಕಟ್ಟಡಕ್ಕೆ ಒಳ್ಳೆಯ ಯಜಮಾನನೂ ಬೇಕು!

1965ರಲ್ಲಿ ಪೂರ್ತಿಯಾದ ಸಾಲ್ಕ್ ಸಂಸ್ಥೆಯಲ್ಲಿ ಅದೇ ಸೇವಕ ಗೋಪುರಗಳು ಮಲಗಿಕೊಂಡಿವೆ ಎನ್ನಬಹುದು. ಎರಡು ನೀಳ ಕಟ್ಟಡಗಳು. ಒಂದೊಂದರಲ್ಲೂ ಮೂರು ಪ್ರಯೋಗಾಲಯ ಅಂತಸ್ತು, ಪ್ರತಿಯೊಂದರ ತಲೆಯ ಮೇಲೆ ಕೊಳವೆಗಳಿಗೆಂದೇ ಒಂದು ಅಂತಸ್ತು. ಪ್ರಯೋಗಾಲಯಗಳು 65 ಅಡಿ ಅಗಲ, 245 ಅಡಿ ಉದ್ದ, ನಡುವೆ ಒಂದೂ ಕಂಬವಿಲ್ಲ. ಸೇವಾ ಅಂತಸ್ತು 9 ಅಡಿ ಎತ್ತರ. ವೀರೆಂಡೀಲ್ ಟ್ರಸ್‌ಗಳ ನಡುವೆ ಮನುಷ್ಯ ನಿಂತು ನಡೆಯಬಹುದು. ಹೊಸ ಉಪಕರಣ ಬಂದರೆ ಕೊಳವೆ ಮೇಲಿನಿಂದ ಎಲ್ಲಿಗೆ ಬೇಕಾದರೂ ಇಳಿಯುತ್ತದೆ. ಏಕಾಂತದ ಪ್ರಶ್ನೆಗೂ ಬೇರೆ ಉತ್ತರ ಸಿಕ್ಕಿತು: ಓದಿ ಬರೆಯುವುದಕ್ಕೆ ತೇಗದ ಹಲಗೆ ಹೊದಿಸಿದ ಸಣ್ಣ ಕೊಠಡಿಗಳು ಅಂಗಳದ ಬದಿಗೆ ಪ್ರತ್ಯೇಕವಾಗಿ ನಿಂತಿವೆ, ಅವುಗಳ ಓರೆ ಗೋಡೆಯ ಕಿಟಕಿಗಳು ಸಮುದ್ರದತ್ತ ತಿರುಗಿವೆ.

ರಿಚರ್ಡ್ಸ್ ಕಟ್ಟಡ 2009ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಮುಂದಿನ ವರ್ಷಗಳಲ್ಲಿ ಅದನ್ನು ನವೀಕರಿಸಿ, ರಾಸಾಯನಿಕಗಳ ಕೆಲಸದ ಬದಲು ಕಂಪ್ಯೂಟರ್ ಮುಂದೆ ಕೂತು ಮಾಡುವ ಸಂಶೋಧನೆಗೆ ಒದಗಿಸಿದರು. ತೆರೆದ ಚೌಕಗಳು ಆ ಕೆಲಸಕ್ಕೆ ಹೆಚ್ಚು ಹೊಂದುತ್ತವೆ. ವಿಷಗಾಳಿಯನ್ನು ಹೊರಹಾಕಲೆಂದು ಅಷ್ಟೆತ್ತರಕ್ಕೆ ಎಬ್ಬಿಸಿದ ಇಟ್ಟಿಗೆಯ ಗೂಡುಗಳು ಹಾಗೆಯೇ ನಿಂತಿವೆ.