ಮಕ್ತಾ ತನಕ ಬಾರದ ಹಾಡು

ಹೈದರಾಬಾದಿನ ಟೋಲಿಚೌಕಿಯಲ್ಲಿ ನಮ್ಮ ಆಪಾ ಮನೆ. ಭಾನುವಾರ ಅಸರ್ ನಮಾಜ್ ಆದ ಮೇಲೆ ಅಲ್ಲಿ ಐದು ಜನ ಕೂತು ಒಂದು ಆಲ್ಬಂ ಪೂರ್ತಿ ಕೇಳುವುದು ನಮ್ಮ ರೂಢಿ. ಆಪಾ, ಡಿಗ್ರಿ ಓದುತ್ತಿರುವ ಅವಳ ಮಗಳು, ಕೆಳಗಿನ ಮನೆಯ ನಿವೃತ್ತ ಉರ್ದು ಮೇಷ್ಟ್ರು (ನಮಗೆಲ್ಲ ಚಾಚಾ), ಧಾರವಾಡದಲ್ಲಿ ತಬಲಾ ಕಲಿತು ಇಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಎದುರುಮನೆ ಹುಡುಗ, ಮತ್ತೆ ನಾನು. ಹಾಡು ನಡೆಯುವಾಗ ಮಾತಿಲ್ಲ. ಮುಗಿದ ಮೇಲೆ ಪ್ರತಿಯೊಬ್ಬರೂ ಏನಾದರೂ ಹೇಳಲೇಬೇಕು, ‘ಚೆನ್ನಾಗಿದೆ’ ಅನ್ನೋದು ಲೆಕ್ಕಕ್ಕಿಲ್ಲ.

ಸಿನಿಮಾ ಹಾಡು ನಮ್ಮಲ್ಲಿ ಕಡಿಮೆ. ಸಿನಿಮಾದ ಹಂಗಿಲ್ಲದೆ ಹಾಡುವವರೇ ಹೆಚ್ಚು. ಅಂಥದ್ದರಲ್ಲಿ ನಮ್ಮನ್ನು ಅತಿ ಹೆಚ್ಚು ಜಗಳಕ್ಕೆ ಹಚ್ಚಿದ್ದು ಅರೂಜ್ ಆಫ್ತಾಬ್ ಅವರ ‘ವಲ್ಚರ್ ಪ್ರಿನ್ಸ್’. ಅರೂಜ್ ಹುಟ್ಟಿದ್ದು 1985ರಲ್ಲಿ ರಿಯಾದ್‌ನಲ್ಲಿ, ಬೆಳೆದದ್ದು ಲಾಹೋರಿನಲ್ಲಿ, ಸಂಗೀತ ಓದಿದ್ದು ಬಾಸ್ಟನ್ನಿನ ಬರ್ಕ್ಲೀಯಲ್ಲಿ, ನೆಲೆಸಿದ್ದು ನ್ಯೂಯಾರ್ಕಿನಲ್ಲಿ. ಏಳು ಹಾಡುಗಳ ಈ ಆಲ್ಬಂ 2021ರ ಏಪ್ರಿಲ್‌ನಲ್ಲಿ ನ್ಯೂ ಆಮ್‌ಸ್ಟರ್‌ಡಾಮ್ ರೆಕಾರ್ಡ್ಸ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆಯಿಂದ ಬಂತು. ತೀರಿಕೊಂಡ ತಮ್ಮ ಮಾಹೆರ್‌ಗೆ ಅವರು ಇದನ್ನು ಅರ್ಪಿಸಿದ್ದಾರೆ. ‘ಸಾಂಸ್ ಲೋ’ ಹಾಡಿನ ಪದ ಬರೆದ ಗೆಳತಿ ಆನಿ ಅಲಿ ಖಾನ್ ಕೂಡ ಆಲ್ಬಂ ಹೊರಬರುವ ಹೊತ್ತಿಗೆ ಇರಲಿಲ್ಲ. ಹಾಗಾಗಿ ಇದು ಶೋಕದ ಆಲ್ಬಂ.

ಅದರಲ್ಲಿ ಹೆಚ್ಚು ಹೆಸರಾದದ್ದು ‘ಮೊಹಬ್ಬತ್’. ಹಫೀಜ್ ಹೋಶಿಯಾರ್ಪುರಿ ಬರೆದ ಈ ಗಜಲ್ ಹಳೆಯ ತಲೆಮಾರಿಗೆ ಮೆಹದಿ ಹಸನ್ ದನಿಯಲ್ಲಿ ಬಾಯಿಪಾಠ. ಅರೂಜ್ ಹಾಡಿದ್ದಕ್ಕೆ 2022ರಲ್ಲಿ ಗ್ರ್ಯಾಮಿ ಬಂತು. ಪಾಕಿಸ್ತಾನದ ಕಲಾವಿದರಿಗೆ ಅದೇ ಮೊದಲ ಗ್ರ್ಯಾಮಿ. ನಿನ್ನನ್ನು ಪ್ರೀತಿಸುವವರಿಗೆ ಬರವೇನಿಲ್ಲ, ಆದರೆ ನಿನ್ನ ಮೆಹಫಿಲ್‌ನಲ್ಲಿ ನಾನು ಮಾತ್ರ ಇರೋದಿಲ್ಲ ಎಂಬ ಭಾವದಿಂದ ಅದು ಶುರುವಾಗುತ್ತದೆ. ಮೊದಲ ಸಲ ಕೇಳಿದಾಗ ಹಾಡು ಅರ್ಧಕ್ಕೆ ಬರುವ ಮೊದಲೇ ಆಪಾ ಎದ್ದು ಅಡುಗೆಮನೆಗೆ ಹೋದಳು. ಯಾರೂ ಏನೂ ಕೇಳಲಿಲ್ಲ. 2021ರ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನಮ್ಮ ಅಬ್ಬಾ ಕೊರೊನಾದಿಂದ ತೀರಿಕೊಂಡರು. ಜನಾಜಾಕ್ಕೆ ಬೆರಳೆಣಿಕೆಯಷ್ಟು ಜನ. ನಾವಿಬ್ಬರೂ ಹೈದರಾಬಾದಿನಿಂದ ಹೊರಡಲಾಗದೆ ಫೋನ್ ಹಿಡಿದು ಕೂತಿದ್ದೆವು.

ಚಾಚಾಗೆ ಮಾತ್ರ ಹಾಡು ಹಿಡಿಸಲಿಲ್ಲ. ಅವರ ತಕರಾರು ಗಟ್ಟಿಯಾದದ್ದು, ಅದನ್ನು ಸರಿಯಾಗಿ ಇಡುವುದು ನನ್ನ ಕರ್ತವ್ಯ. ಗಜಲಿನ ಮೊದಲ ಶೇರ್ ಮತ್ಲಾ, ಕೊನೆಯದು ಮಕ್ತಾ. ಮಕ್ತಾದಲ್ಲಿ ಕವಿ ತನ್ನ ಕಾವ್ಯನಾಮ ಇಡುತ್ತಾನೆ. ಏಳು ನಿಮಿಷ ದಾಟುವ ಈ ಹಾಡಿನಲ್ಲಿ ಅರೂಜ್ ಒಂದೆರಡು ಶೇರ್‌ನಲ್ಲೇ ನಿಂತುಬಿಡುತ್ತಾರೆ, ಹಫೀಜ್ ಹೆಸರಿರುವ ಮಕ್ತಾ ಬರುವುದೇ ಇಲ್ಲ. “ಸಹಿ ಇಲ್ಲದ ಕಾಗದ ಓದಿದ ಹಾಗಾಯ್ತು” ಅಂದರು ಚಾಚಾ. ನಾನು ವಾದಿಸಿದೆ: ಗಜಲಿನಲ್ಲಿ ಪ್ರತಿ ಶೇರ್ ತನ್ನಷ್ಟಕ್ಕೆ ಪೂರ್ಣ. ಒಂದೇ ಶೇರ್ ಓದಿದರೂ ತಪ್ಪಲ್ಲ. ದೊಡ್ಡ ಗಾಯಕರೂ ತಮಗೆ ಬೇಕಾದ ಶೇರ್ ಆರಿಸಿಕೊಂಡೇ ಹಾಡಿದ್ದಾರೆ. ಚಾಚಾ ಅರ್ಧ ಒಪ್ಪಿದರು. “ಆರಿಸಿಕೊಳ್ಳೋದು ಬೇರೆ, ಬಿಟ್ಟು ಹೋಗೋದು ಬೇರೆ ಬೇಟಾ.”

ಧಾರವಾಡದ ಹುಡುಗನ ಪ್ರಶ್ನೆ ಇನ್ನೊಂದು. “ಮೇಡಂ, ಇದರಾಗ ತಬಲಾ ಎಲ್ಲಿ ಐತ್ರೀ? ನಾ ತಲಿ ಎಲ್ಲಿ ಹಾಕ್ಬೇಕು?” ಕೇಳಿ ನಕ್ಕೆವು, ಆದರೆ ಆಲ್ಬಂನ ಕೀಲಿ ಅಲ್ಲೇ ಇದೆ. ಗಜಲ್ ಗಾಯನದಲ್ಲಿ ಮೊದಲ ಸಾಲನ್ನು ಹೊರಳಿಸಿ ಹೊರಳಿಸಿ ಹಾಡಿ ಕೇಳುವವರನ್ನು ಕಾಯಿಸುತ್ತಾರೆ. ಎರಡನೇ ಸಾಲು ಬಿದ್ದಾಗ ‘ವಾಹ್’ ಬರುತ್ತದೆ, ತಬಲಾ ಲಗ್ಗಿ ನುಡಿಸುತ್ತದೆ, ಎಲ್ಲರೂ ಉಸಿರು ಬಿಡುತ್ತಾರೆ. ಎಂಥ ದುಃಖದ ಶೇರ್ ಇದ್ದರೂ ಮೆಹಫಿಲ್ ಅದನ್ನು ಹಂಚಿಕೊಂಡು ಹಗುರ ಮಾಡುತ್ತದೆ. ಅರೂಜ್ ಆ ಹಗುರವನ್ನೇ ತೆಗೆದುಹಾಕಿದ್ದಾರೆ. ‘ಬಾಗೋಂ ಮೇಂ’ ಹಾಡಿನಲ್ಲಿ ಮೇವ್ ಗಿಲ್‌ಕ್ರಿಸ್ಟ್ ಅವರ ಹಾರ್ಪ್ ಇದೆ, ಗಾಲಿಬನ ಗಜಲ್ ಆಧರಿಸಿದ ‘ದಿಯಾ ಹೈ’ ಹಾಡಿನಲ್ಲಿ ಬ್ರೆಜಿಲ್‌ನ ಬಾಡಿ ಅಸ್ಸಾದ್ ಅವರ ಗಿಟಾರ್ ಇದೆ. ಇವು ಹಾಡಿಗೆ ಜಾಗ ಕೊಡುತ್ತವೆ, ಮುಂದಕ್ಕೆ ತಳ್ಳುವುದಿಲ್ಲ. ಒಂದು ಮಾತು ಹೇಳಿ ಅವರು ಸುಮ್ಮನಾಗುತ್ತಾರೆ. ‘ವಾಹ್’ ಅನ್ನಬೇಕಾದ ಜಾಗದಲ್ಲಿ ಬರೀ ಮೌನ.

ಸಾವಿನ ಮನೆಯಲ್ಲಿ ಕೂತವರಿಗೆ ಇದು ಗೊತ್ತು. ಅಲ್ಲಿ ಯಾರೂ ಮಾತನ್ನು ಪೂರ್ತಿ ಮಾಡುವುದಿಲ್ಲ. ಒಂದೇ ವಾಕ್ಯ ಹತ್ತು ಸಲ ಬರುತ್ತದೆ, ನಡುವೆಯೇ ನಿಂತುಹೋಗುತ್ತದೆ. ಅಬ್ಬಾನ ಚೆಹ್ಲುಂಗೂ ಜನ ಸೇರಲಾಗಲಿಲ್ಲ, ನಮ್ಮ ದುಃಖಕ್ಕೆ ಮೆಹಫಿಲ್ಲೇ ಇರಲಿಲ್ಲ. ಆದ್ದರಿಂದ ‘ಮೊಹಬ್ಬತ್’ ಮುಗಿಯದೆ ಉಳಿದದ್ದು ನನಗೆ ಕೊರತೆ ಅನ್ನಿಸಲಿಲ್ಲ, ನಮ್ಮ ಮನೆಯ ಸ್ಥಿತಿಯೇ ಅನ್ನಿಸಿತು. ಅದೇ ಗಜಲನ್ನು ಮೆಹದಿ ಹಸನ್ ದನಿಯಲ್ಲಿ ಕೇಳಿದಾಗ ನನಗೆ ಸಮಾಧಾನ ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ, ಸಿಗಬೇಕೆಂದು ಅವರು ಹಾಡಿಯೂ ಇಲ್ಲ.

ಹಾಗಂತ ಏಳೂ ಹಾಡು ಒಂದೇ ತೂಕದವಲ್ಲ. ರೂಮಿಯ ಇಂಗ್ಲಿಷ್ ಅನುವಾದವನ್ನು ರೆಗ್ಗೆ ಲಯಕ್ಕೆ ಕೂರಿಸಿದ ‘ಲಾಸ್ಟ್ ನೈಟ್’ ನನಗೆ ಹೊರಗಿನಿಂದ ಬಂದು ಕೂತ ಹಾಗಿದೆ. “ಖಾಲಾ, ಅಷ್ಟು ಹೊತ್ತು ಅತ್ತವರಿಗೆ ಸ್ವಲ್ಪ ಗಾಳಿ ಬೇಡವಾ?” ಅಂತ ಭಾಂಜಿ ವಾದಿಸಿದಳು. ಅವಳ ಮಾತು ಇರಲಿ, ನನ್ನ ಅಭಿಪ್ರಾಯ ಬದಲಾಗಲಿಲ್ಲ. ಇನ್ನೊಂದು ಕೊರತೆ ಉಚ್ಚಾರಣೆಯದು. ದನಿ ಎಷ್ಟು ಮೆತ್ತಗೆಂದರೆ ಕೆಲವು ಕಡೆ ಅಕ್ಷರದ ಅಂಚೇ ಅಳಿಸಿಹೋಗುತ್ತದೆ. ಉರ್ದು ಬಾರದವರಿಗೆ ಅದು ಬರೀ ನಾದ. ಬರುವವರಿಗೆ ಪದ ಕೈತಪ್ಪಿದ ಬೇಸರ. ಈ ವಿಷಯದಲ್ಲಿ ನಾನು ಚಾಚಾ ಪರ.

ಜಗಳ ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಕೆಲವು ವಾರದ ಮೇಲೆ ಅವರ 2024ರ ಆಲ್ಬಂ ‘ನೈಟ್ ರೇನ್’ ಹಚ್ಚಿದೆವು. ಹೆಸರಿನ ಅರ್ಥ ರಾತ್ರಿಯ ಆಳ್ವಿಕೆ. ಈ ಸಲ ಸಂಸ್ಥೆ ದೊಡ್ಡದು, ವರ್ವ್. ಹಾಡಿನ ರೀತಿ ಮಾತ್ರ ಅದೇ. ಅದರ ‘ನಾ ಗುಲ್’ ಮತ್ತು ‘ಸಾಖಿ’ ಹಾಡುಗಳ ಪದ ಯಾರದು ಅಂತ ಭಾಂಜಿ ಹುಡುಕಿದಳು: ಮಾಹ್ ಲಖಾ ಬಾಯಿ ‘ಚಂದಾ’. ನಿಜಾಮರ ಕಾಲದ ಹೈದರಾಬಾದಿನ ಕವಯಿತ್ರಿ, ಗಾಯಕಿ, ತವಾಯಿಫ್. ತೀರಿಕೊಂಡದ್ದು 1824ರಲ್ಲಿ. ಗೋರಿ ಇರುವುದು ಇದೇ ಊರಿನ ಮೌಲಾಲಿ ಗುಡ್ಡದ ಬುಡದಲ್ಲಿ, ತಾಯಿಯ ಗೋರಿಯ ಪಕ್ಕ. ಭಾಂಜಿ ದಿನಾ ತಾರ್ನಾಕಾದ ಕಾಲೇಜಿಗೆ ಹೋಗಿಬರುವವಳು. “ಗುಡ್ಡ ಗೊತ್ತಿತ್ತು, ಇವರು ಗೊತ್ತಿರಲಿಲ್ಲ” ಅಂದಳು. ನಾನು ಹೆಸರು ಕೇಳಿದ್ದೆ. ಉರ್ದು ಪಾಠ ಮಾಡುವ ನಾನು ತರಗತಿಯಲ್ಲಿ ಅವರ ಒಂದು ಶೇರ್ ಕೂಡ ಓದಿಸಿರಲಿಲ್ಲ. ನ್ಯೂಯಾರ್ಕಿನಿಂದ ಹಾಡು ಬಂದ ಮೇಲೆ ಟೋಲಿಚೌಕಿಯಲ್ಲಿ ಅವರ ಮಾತು ಶುರುವಾಯ್ತು.

ಅವತ್ತು ಚಾಚಾ ತಕರಾರಿನ ತೂಕ ನನಗೆ ತಿಳಿಯಿತು. ಗಾಲಿಬನ ಮಕ್ತಾ ಬಿಟ್ಟರೆ ಗಾಲಿಬನಿಗೆ ನಷ್ಟವಿಲ್ಲ. ಆತನ ಹೆಸರು ಮಕ್ಕಳಿಗೂ ಗೊತ್ತು. ಮರೆತುಹೋದ ಹೆಂಗಸಿಗೆ ಮಕ್ತಾದಲ್ಲಿರುವ ‘ಚಂದಾ’ ಎಂಬ ಎರಡಕ್ಷರವೇ ಆಸ್ತಿ. ಅರೂಜ್ ಆಕೆಯ ಹೆಸರು ಮುಚ್ಚಿಟ್ಟವರಲ್ಲ, ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆದರೂ ಶೇರ್ ಒಂದೆರಡು ಸಾಕು ಎಂಬ ರೀತಿಗೆ ಎಲ್ಲ ಕವಿಗಳೂ ಒಂದೇ ಬೆಲೆ ತೆರುವುದಿಲ್ಲ. ಉಳಿದ ಶೇರ್ ಹುಡುಕಿ ಓದುವ ಕೆಲಸ ಕೇಳುವವರ ಪಾಲಿಗೆ ಬರುತ್ತದೆ. ಒಬ್ಬರೇ ಇಯರ್‌ಫೋನ್ ಹಾಕಿ ಕೇಳಿದ್ದರೆ ನಾನು ಆ ಕೆಲಸಕ್ಕೆ ಹೋಗುತ್ತಿರಲಿಲ್ಲ.

ಮುಂದಿನ ಭಾನುವಾರ ಭಾಂಜಿ ‘ಮೊಹಬ್ಬತ್’ನ ಪೂರ್ತಿ ಗಜಲ್ ಮೊಬೈಲಿನಲ್ಲಿ ತೆಗೆದಳು, ಇಂಗ್ಲಿಷ್ ಅಕ್ಷರದಲ್ಲಿ. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಗೆ ಉರ್ದು ಲಿಪಿ ಓದಲು ಬಾರದು. ಚಾಚಾ ಮೊಬೈಲ್ ಮುಟ್ಟಲಿಲ್ಲ, ಕಣ್ಣು ಮುಚ್ಚಿ ಮಕ್ತಾ ತನಕ ನೆನಪಿನಿಂದಲೇ ಹೇಳಿದರು. ಹಫೀಜ್ ಹೆಸರು ಬಂದಾಗ ಆಪಾನೇ ‘ವಾಹ್’ ಅಂದಳು. ಈಗ ಹಾಡು ಹಚ್ಚುವ ಮೊದಲು ಅರ್ಧ ಗಂಟೆ ಅಲಿಫ್, ಬೇ ನಡೆಯುತ್ತದೆ. ಧಾರವಾಡದ ಹುಡುಗನೂ ಕಾಪಿ ತಂದಿದ್ದಾನೆ. ಇದು ಗಜಲ್ ಅಂತ ಚಾಚಾ ಇನ್ನೂ ಒಪ್ಪಿಲ್ಲ. ಆದರೆ ಚಹಾ ಮುಗಿದ ಮೇಲೆ, “ಆ ಉದ್ದದ್ದು ಇದೆಯಲ್ಲ, ಅದನ್ನ ಇನ್ನೊಮ್ಮೆ ಹಚ್ಚಿ” ಅನ್ನುವವರೂ ಅವರೇ.